ಚೌಕಟ್ಟಿಲ್ಲದ ಲಗ್ನಪತ್ರಿಕೆ

ರಾಯಬಾಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ತವನಪ್ಪನದೊಂದು ಸಣ್ಣ ಛಾಪಖಾನೆ. ಇಪ್ಪತ್ತೆಂಟು ವರ್ಷದಿಂದ ಒಬ್ಬನೇ ಅಚ್ಚಿನ ಮೊಳೆ ಜೋಡಿಸಿ, ಒಬ್ಬನೇ ಮಷೀನು ತುಳಿದು ನಡೆಸಿಕೊಂಡು ಬಂದಿದ್ದ. ಲಗ್ನಪತ್ರಿಕೆಯಂತೂ ಅವನಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. ಮೇಲೆ ದೇವರ ಹೆಸರು, ಸುತ್ತ ಬಳ್ಳಿಯ ಚೌಕಟ್ಟು, ನಡುವೆ ವಧು-ವರರು, ಕೆಳಗೆ ಮನೆಯ ಗಂಡಸರ ಸಾಲು, ಕೊನೆಗೆ ‘ತಮ್ಮ ಆಗಮನಾಭಿಲಾಷಿಗಳು’. ಈ ಕೊನೆಯ ಮಾತಿನ ಮೊಳೆಗಳನ್ನು ಅವನು ಬಿಚ್ಚುತ್ತಲೇ ಇರಲಿಲ್ಲ. ದಾರ ಸುತ್ತಿ ಕಿಟಕಿಯಲ್ಲಿಟ್ಟು, ಮುಂದಿನ ಪತ್ರಿಕೆಗೆ ಹಾಗೇ ಎತ್ತಿ ಕೂರಿಸುತ್ತಿದ್ದ.

ಎಂಬತ್ತಾರನೆಯ ಇಸವಿಯ ಬೇಸಗೆಯಲ್ಲಿ ಅಲಖನೂರಿನ ಭಾವುಸಾಹೇಬ ಬಂದು, ತೀರಿಹೋದ ಅಣ್ಣನ ಮಗಳು ಜಿನಮತಿಯ ಮದುವೆಯ ಪತ್ರಿಕೆಗೆ ಹೆಸರುಗಳ ಚೀಟಿ ಕೊಟ್ಟುಹೋದ. ನಾಲ್ಕು ದಿನ ಬಿಟ್ಟು ಕರಡು ನೋಡಲು ಬಂದವಳು ಹುಡುಗಿಯ ತಾಯಿ ಚಂದ್ರಮತಿ. ಬಿಸಿಲಲ್ಲಿ ನಡೆದು ಬಂದಿದ್ದಳು. ನೀರು ಕುಡಿದು, ಕರಡನ್ನು ಬಾಗಿಲ ಬೆಳಕಿಗೆ ಹಿಡಿದು ಓದಿದಳು.

“ತವನಪ್ಪಣ್ಣಾರ, ಇದರಾಗ ನಾ ಎಲ್ಲಿ ಅದೀನ್ರಿ?”

ತವನಪ್ಪ ಕನ್ನಡಕ ಏರಿಸಿ ನೋಡಿದ. ‘ದಿವಂಗತರ ಸುಪುತ್ರಿ’ ಎಂದಿತ್ತು. ಕರೆಯುವವರ ಜಾಗದಲ್ಲಿ ಭಾವುಸಾಹೇಬ, ಅವನ ಇಬ್ಬರು ಗಂಡುಮಕ್ಕಳು, ಸೋದರಮಾವ. ಚಂದ್ರಮತಿ ಎಲ್ಲೂ ಇರಲಿಲ್ಲ.

“ಗಂಡ ಇಲ್ಲದವರ ಹೆಸರು ಹಾಕೂ ಪದ್ಧತಿ ಇಲ್ಲಲ್ರಿ, ಅಕ್ಕಾರ,” ಎಂದ ಅವನು ಮೆಲ್ಲಗೆ.

“ಪದ್ಧತಿ ಗೊತ್ತೈತ್ರಿ. ಗೊತ್ತಿದ್ದೇ ಬ್ಯಾಡ ಅನ್ನಾಕತ್ತೀನಿ. ನಾ ಹೇಳತೀನಿ, ನೀವು ಹಂಗ ಜೋಡಿಸ್ರಿ. ಈ ಬಳ್ಳಿ-ಗಿಳ್ಳಿ ತಗೀರಿ.”

“ದೇವರ ಹೆಸರು?”

“ಅದು ಇರಲಿ. ದೇವರ ಮ್ಯಾಲೆ ನಂದೇನೂ ತಕರಾರಿಲ್ಲ.”

ಅವಳು ಹೇಳುತ್ತಾ ಹೋದಳು. ತವನಪ್ಪ ಮೊದಲು ಪುಸ್ತಕದ ಭಾಷೆಗೆ ತಿರುಗಿಸಿ ಬರೆದುಕೊಂಡ. ಓದಿ ತೋರಿಸಿದಾಗ ಅವಳು ತಲೆಯಾಡಿಸಿ, “ಇದು ಮತ್ತ ನಿಮ್ಮ ಮಾತಾತು” ಎಂದಳು. ಅವನು ಆ ಹಾಳೆ ಹರಿದು, ಅವಳ ಬಾಯಿಂದ ಬಂದಂತೆಯೇ ಬರೆದ:

‘ನನ್ನ ಮಗಳು ಜಿನಮತಿ ಎಂಟು ವರ್ಷದಾಕಿ ಇದ್ದಾಗ ಅವರಪ್ಪ ತೀರಿಕೊಂಡ್ರು. ಅವತ್ತಿನಿಂದ ಹೊಲ ನಾ ನೋಡಿದೆ, ಆಕಿನ್ನ ಓದಿಸಿದೆ. ಕಬ್ಬಿಗೆ ನೀರಿನ ಪಾಳಿ ಬಂದಾಗ ಮೈದುನ ಭಾವುಸಾಹೇಬ ಬಂದು ನೀರು ಹಾಯಿಸೂದು ಒಮ್ಮೆಯೂ ತಪ್ಪಿಸಲಿಲ್ಲ. ಈಗ ಆಕಿ ಮದುವಿ ಐತಿ. ಬಂದು ಉಂಡು, ಹರಸಿ ಹೋಗ್ರಿ. ನಿಮ್ಮ ದಾರಿ ನೋಡತೀನಿ. ಚಂದ್ರಮತಿ.’

“ಹುಡುಗನ ಹೆಸರು, ತಾರೀಖು, ಊರು ಬಿಟ್ರ ಮಂದಿ ಎಲ್ಲಿಗೆ ಬರಬೇಕ್ರಿ?” ಎಂದ ತವನಪ್ಪ. ಅವಳು ನಕ್ಕು, ಅದನ್ನೂ ಹೇಳಿದಳು.

ಮೊಳೆ ಜೋಡಿಸುವ ಕೆಲಸ ನಿಧಾನವಾಯಿತು. ‘ಆಕಿನ್ನ’, ‘ನೋಡತೀನಿ’ ಎಂಬ ಮಾತುಗಳನ್ನು ದಿನಾ ಆಡುತ್ತಿದ್ದರೂ ಸೀಸದಲ್ಲಿ ಎಂದೂ ಜೋಡಿಸಿರಲಿಲ್ಲ. ಅರ್ಧ ಮುಗಿಸಿ, ಭಾವುಸಾಹೇಬನಿಗೆ ಏನು ಹೇಳಲಿ ಎಂದು ಚಹಾ ತಣ್ಣಗಾಗುವವರೆಗೆ ಕೂತ. ಮುರಿದು ಹಾಕಿಬಿಡೋಣ ಅನ್ನಿಸಿತು. ಆದರೆ ಇಷ್ಟು ವರ್ಷದಲ್ಲಿ, ಮುಂದಿನ ಸಾಲು ಏನಿದೆ ಎಂದು ತಾನು ಓದಿ ನೋಡಿದ ಪತ್ರಿಕೆ ಇದೊಂದೇ ಎಂಬುದೂ ಹೊಳೆಯಿತು. ಎದ್ದು ಮುಗಿಸಿದ.

ಮರುದಿನ ಭಾವುಸಾಹೇಬ ಬಂದ. ಜೋರು ಮಾಡುವ ಮನುಷ್ಯನಲ್ಲ. ಕರಡು ಓದುತ್ತ ಅವನ ಮುಖ ಕೆಂಪಗಾಯಿತು.

“ನಮ್ಮ ವಹಿನಿ ಹೇಳಿದ್ರು, ನೀವು ಮಾಡಿದ್ರಿ. ಮಂದಿ ಏನಂದಾರು? ಹಿರ್ಯಾರು ಯಾರೂ ಇಲ್ಲೇನು ಆ ಮನ್ಯಾಗ ಅಂದಾರು.”

“ಇನ್ನೊಮ್ಮೆ ಓದ್ರಿ,” ಎಂದ ತವನಪ್ಪ.

ಅವನು ಓದಿದ. ನೀರಿನ ಪಾಳಿಯ ಸಾಲಿನ ಹತ್ತಿರ ಬೆರಳು ನಿಂತಿತು. “ಇದನ್ನ ಅವರು ನನಗ ಯಾವತ್ತೂ ಹೇಳಿಲ್ಲ,” ಎಂದ. ಬಾಗಿಲವರೆಗೆ ಹೋಗಿ ತಿರುಗಿ ನಿಂತ. “ಒಂದ್ ಐವತ್ತು ಮೊದಲಿನಂಗ ಮಾಡಿಡ್ರಿ. ನಮ್ಮ ಮಾವನ ಕಡೆಯವರಿಗೆ ಕೊಡಾಕ. ಉಳದಿದ್ದು ಹಿಂಗ ಇರಲಿ.”

ತವನಪ್ಪ ತಾನು ಅಚ್ಚು ಹಾಕಿದ ಪತ್ರಿಕೆಯ ಮದುವೆಗಳಿಗೆ ಹೋಗುತ್ತಿರಲಿಲ್ಲ. ಹೋಗುತ್ತಾ ಕೂತರೆ ಛಾಪಖಾನೆಗೆ ಬೀಗವೇ. ಇದಕ್ಕೆ ಹೋದ. ಕೆಲವರು ಬಂದಿರಲಿಲ್ಲ. ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದ ಸೋದರಮಾವ ಬಂದವನು ಒಂದು ಮೂಲೆ ಹಿಡಿದು, ಯಾರೊಂದಿಗೂ ಬೆರೆಯದೆ ಕೂತಿದ್ದ. ಚಂದ್ರಮತಿ ಅವನ ಎಲೆಗೆ ತಾನೇ ಹೋಳಿಗೆ ಬಡಿಸಿದಳು. ಅವನು ತಲೆ ಎತ್ತಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ.

ಊಟದ ಪಂಕ್ತಿಯಲ್ಲಿ ತವನಪ್ಪನ ಪಕ್ಕ ಕೂತವರು ಜಯಪಾಲ, ಹುಡುಗನ ಕಡೆಯವರು, ಚಿಕ್ಕೋಡಿಯಲ್ಲಿ ಇಂಗ್ಲಿಷ್ ಕಲಿಸುವವರು. ಅಂಗಿಯ ಕಿಸೆಯಿಂದ ಪತ್ರಿಕೆ ತೆಗೆದು ತೋರಿಸಿದರು.

“ರೂಢಿಯ ಆಕಾರ ಗೊತ್ತಿದ್ದೂ ಬೇಕಂತ ಬಿಡೂದಕ್ಕ ಇಂಗ್ಲಿಷ್‌ನ್ಯಾಗ ಒಂದು ಶಬ್ದ ಐತ್ರಿ. ಬಾಳ ಮಂದಿ ಕೇಳಿರೂದಿಲ್ಲ. ಆ್ಯಂಟಿಫಾರ್ಮ್.”

ಫಾರ್ಮ್ ಎಂದರೆ ತವನಪ್ಪನಿಗೆ ಒಂದೇ ಅರ್ಥ: ಜೋಡಿಸಿದ ಮೊಳೆಗಳನ್ನು ಕಬ್ಬಿಣದ ಚೌಕಟ್ಟಿನೊಳಗೆ ಬಿಗಿದು ಮಷೀನಿಗೆ ಏರಿಸುವ ಪುಟ. “ಫಾರ್ಮ್ ಇಲ್ದ ಛಾಪಾ ಆಗೂದಿಲ್ರಿ, ಸರ. ಮೊಳಿ ಉದುರಿ ಬೀಳ್ತಾವು. ಇದನ್ನೂ ನಾ ಬಿಗದೇ ಛಾಪಿಸೀನಿ. ಕಾಗದದ ಮ್ಯಾಲೆ ಕಾಣೂ ಬಳ್ಳಿ ಅಷ್ಟೇ ತಗದದ್ದು.”

ಜಯಪಾಲ ಅನ್ನ ಕಲಸುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. “ಇದನ್ನ ನಾ ಕ್ಲಾಸಿನ್ಯಾಗ ಹೇಳತೀನ್ರಿ,” ಎಂದರು.

ಆ ವರ್ಷವೆಲ್ಲ ತವನಪ್ಪ ಬಳ್ಳಿಯ ಪತ್ರಿಕೆಗಳನ್ನೇ ಅಚ್ಚು ಹಾಕಿದ. ಮುಂದಿನ ಬೇಸಗೆಯಲ್ಲಿ ಚಿಂಚಲಿಯ ಕಸ್ತೂರೆವ್ವ ಮಗನ ಮದುವೆಗೆಂದು ಬಂದಳು. ಚಂದ್ರಮತಿಯ ಪತ್ರಿಕೆಯನ್ನು ಕೈಯಲ್ಲೇ ಹಿಡಿದಿದ್ದಳು. ಮಡಿಕೆಯಲ್ಲಿ ಸವೆದು ಹರಿಯುವಂತಾಗಿತ್ತು.

“ಇದನ್ನ ಹಿಂಗ ಹಾಕ್ರಿ. ಹೆಸರಷ್ಟ ಬದಲ ಮಾಡ್ರಿ.”

“ಅದು ಅವರ ಮಾತ್ರೀ, ಅವ್ವಾರ,” ಎಂದ ತವನಪ್ಪ. ಬೆಂಚು ಎಳೆದು ಅವಳನ್ನು ಕೂರಿಸಿ, ಖಾಲಿ ಹಾಳೆ ತೊಡೆಯ ಮೇಲಿಟ್ಟುಕೊಂಡ. “ನಿಮ್ಮದು ಹೇಳ್ರಿ.”

ಕಸ್ತೂರೆವ್ವ ಸೆರಗು ಸರಿಮಾಡಿಕೊಂಡಳು. ಓಣಿಯ ಕಡೆ ಒಮ್ಮೆ, ಖಾಲಿ ಹಾಳೆಯ ಕಡೆ ಒಮ್ಮೆ ನೋಡಿದಳು. ತವನಪ್ಪ ಅವಸರ ಮಾಡಲಿಲ್ಲ.

“ನನ್ನ ಮಗ ಹುಟ್ಟಿದ್ದು ಬಾಳ ತಡಾ ಆಗಿ…” ಎಂದು ಅವಳು ಶುರುಮಾಡಿದಳು.