ಮುಖ ತೋರಿಸದೆ ಬೆಳೆಸಿದ ನಾಯಿ

ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಎಂದು ಬೋರ್ಡು ಹಾಕಿಬಿಟ್ಟರೆ ಮನೆಯವರ ಜವಾಬ್ದಾರಿ ಮುಗಿಯಿತು ಅಂದುಕೊಂಡವರು ನಮ್ಮಲ್ಲಿ ಬಹಳ ಜನ. ವಿಜಯಪುರದ ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ ಅಮೋಘಸಿದ್ದನೂ ಹಾಗೇ ಅಂದುಕೊಂಡಿದ್ದ, ಓದಲು ಬಾರದ ಹುಚ್ಚವ್ವ ಹಾಲಿನ ಕ್ಯಾನು ಹಿಡಿದು ಗೇಟು ತೆಗೆಯುವ ತನಕ.

ನಾಯಿಯ ಹೆಸರು ಭೀಮ್ಯಾ. ಆಗಿನ್ನೂ ಐದು ತಿಂಗಳ ಮರಿ. ಮರಿ ಅಂದರೆ ಮಡಿಲಲ್ಲಿ ಕೂರಿಸಿಕೊಳ್ಳುವಂಥದ್ದು ಅಂದುಕೊಳ್ಳಬೇಡಿ. ಗ್ರೇಟ್ ಡೇನ್ ಜಾತಿ. ಎತ್ತರ ಆಗಲೇ ಕರುವಿನಷ್ಟು, ಬುದ್ಧಿ ಮಾತ್ರ ಕೂಸಿನದು. ಅಮೋಘಸಿದ್ದನ ಮಗ ಶಿವಾಜಿ ಸೊಲ್ಲಾಪುರ ರಸ್ತೆಯ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಹೆಂಡತಿ ಲಲಿತಾ ಚೊಚ್ಚಲ ಹೆರಿಗೆಗೆಂದು ಕಳ್ಳಕವಟಗಿಯ ತವರಿಗೆ ಹೋದಾಗ, ಮನೆ ಖಾಲಿ ಖಾಲಿ ಅನ್ನಿಸಿ, ಬಬಲೇಶ್ವರದ ಗೆಳೆಯ ಯುನುಸನಿಂದ ಮರಿಯನ್ನು ತಂದಿದ್ದ.

ಯುನುಸ ಕೊಡುವಾಗಲೇ ಹೇಳಿದ್ದ: "ದೊಡ್ಡ ಜಾತಿ ಐತಿ ದೋಸ್ತ. ಸಣ್ಣದಿದ್ದಾಗನ ನಾಕ ಮಂದ್ಯಾಗ ಬೆಳಸು. ಸೂಜಿ ತಪ್ಪಸಬ್ಯಾಡ."

ಶಿವಾಜಿ ಹೂಂ ಅಂದ. ಮನೆಗೆ ಬಂದ ಮೇಲೆ ಅಪ್ಪನದೇ ಕಾರುಬಾರು.

ಅಮೋಘಸಿದ್ದ ಅರ್ಧ ಆಯುಷ್ಯ ಕುರಿ ಹಿಂದೆ ತಿರುಗಿದವನು. ಕುರಿಹಟ್ಟಿಯಲ್ಲಿ ಎಷ್ಟು ನಾಯಿ ಸಾಕಿದ್ದನೋ ಅವನಿಗೇ ಲೆಕ್ಕವಿಲ್ಲ. "ಕಾವಲ ನಾಯಿಗಿ ಹೊರಗಿನವರ ಮಾರಿ ತೋರಸಬಾರದು. ಮಾರಿ ಕಂಡಿತಂದ್ರ ಸಲಿಗಿ ಆಕ್ಕೈತಿ" ಎನ್ನುವುದು ಅವನ ಶಾಸ್ತ್ರ. ಮರಿಯನ್ನು ಹಿತ್ತಲಲ್ಲಿ ಗೇಣುದ್ದ ಸರಪಳಿಗೆ ಕಟ್ಟಿದ. ಯಾರಾದರೂ ಬಂದರೆ ಬಡಿಗೆಯನ್ನು ನೆಲಕ್ಕೆ ಕುಟ್ಟಿ "ಛೂ" ಅಂದು ಬೊಗಳಿಸುತ್ತಿದ್ದ. ಸೂಜಿಯ ಮಾತೆತ್ತಿದರೆ, "ನಮ್ಮ ಹಟ್ಟ್ಯಾನ ನಾಯಿಗೋಳು ಯಾವ ಸೂಜಿ ಕಂಡಿದ್ದುವಲೇ?" ಅನ್ನುತ್ತಿದ್ದ. ಅಪ್ಪನ ಎದುರು ಮಾತಾಡುವ ಧೈರ್ಯ ಶಿವಾಜಿಗೆ ಎಲ್ಲಿಂದ ಬರಬೇಕು!

ಆ ಮುಂಜಾನೆ ಸರಪಳಿಯ ಕೊಂಡಿ ಕಳಚಿತ್ತು. ಹುಚ್ಚವ್ವ ಅಂಗಳಕ್ಕೆ ಕಾಲಿಟ್ಟಳು. ಭೀಮ್ಯಾ ಹಿತ್ತಲಿಂದ ಹಾರಿ ಬಂದದ್ದೇ ಅವಳ ಮುಂಗೈಗೆ ಬಾಯಿ ಹಾಕಿದ. ಕ್ಯಾನು ಉರುಳಿತು. ಅಂಗಳದ ಹಾಲಿನಲ್ಲಿ ರಕ್ತ ಬೆರೆಯಿತು. ಶಿವಾಜಿ ಓಡಿ ಬಂದು ಕೊರಳಪಟ್ಟಿ ಹಿಡಿದೆಳೆದ.

ಅಮೋಘಸಿದ್ದನ ಹೆಂಡತಿ ಮಲಕವ್ವ ಒಳಗಿಂದ ಸುಣ್ಣದ ಡಬ್ಬಿ ತಂದಳು. "ಸುಣ್ಣ ಹಚ್ಚತೇನಿ ತಡಿ, ನಂಜ ಏರೂದಿಲ್ಲ."

"ಸುಣ್ಣ ಒಗೀರಿ ಯವ್ವಾ!" ಪಕ್ಕದ ಮನೆಯ ಕಸ್ತೂರಿ ಕೂಗಿದಳು. ಅವಳು ಟಿಕೋಟಾದ ದನದ ದವಾಖಾನೆಯಲ್ಲಿ ಕೆಲಸದಲ್ಲಿದ್ದಾಳೆ. ಹೊರಡಲು ತೆಗೆದಿದ್ದ ಸ್ಕೂಟಿಯನ್ನು ಅಲ್ಲೇ ಬಿಟ್ಟು ಓಡಿ ಬಂದಳು. ಹುಚ್ಚವ್ವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸಾಬೂನು ಹಚ್ಚಿ ತೊಳೆದಳು. ತೊಳೆದಳು, ಮತ್ತೆ ತೊಳೆದಳು.

"ಸಾಕ ಬಿಡ ಬೇ, ಕೈಯೋ ಹಾಲಿನ ಬೋಗಾಣಿಯೋ? ಎಷ್ಟ ತಿಕ್ಕತಿ?" ಹುಚ್ಚವ್ವ ನೋವಿನಲ್ಲೂ ಬೈದಳು.

"ಕಾಲ ತಾಸು ತೊಳೀಬೇಕವ್ವಾ. ವಿಷ ಮೊದಲ ಹೋಗೂದು ನೀರಿಗಿ. ಆಮ್ಯಾಲ ಸೂಜಿಗಿ." ಕಸ್ತೂರಿ ಅಮೋಘಸಿದ್ದನ ಕಡೆ ತಿರುಗಿದಳು. "ಕಾಕಾ, ಇದಕ್ಕ ಹುಚ್ಚುನಾಯಿ ರೋಗದ ಲಸಿಕಿ ಹಾಕ್ಸೀರಿಲ್ಲೋ?"

ಅಮೋಘಸಿದ್ದ ರುಮಾಲು ಸರಿಮಾಡಿಕೊಂಡ.

"ಮನಿ ಮರಿ ಐತಿ ತಂಗೀ. ಓಣಿ ತಿರಗೂದಿಲ್ಲ. ಅದಕ್ಯಾಕ ಹುಚ್ಚ ಹಿಡಿತೈತಿ?"

"ರಾತ್ರಿ ಬೀದಿನಾಯಿ ಕಾಂಪೌಂಡ ಹಾರಿ ಬಂದು ಕಚ್ಚಿದ್ರ ನಿಮಗ ಹೇಳಿ ಹೋಗ್ತೈತೇನ್ರಿ? ಆ ರೋಗ ಒಮ್ಮಿ ಕಾಣಿಸ್ಕೊಂತಂದ್ರ ಮುಗೀತು, ಔಷಧ ಇಲ್ಲ. ಉಪಾಯ ಇರೂದು ಮೊದಲ ಅಷ್ಟ. ಮೂರ ತಿಂಗಳಿಗೇ ಹಾಕ್ಸಬೇಕಿತ್ರಿ."

ಶಿವಾಜಿ ಹುಚ್ಚವ್ವನನ್ನು ಬೈಕಿನಲ್ಲಿ ಸರ್ಕಾರಿ ದವಾಖಾನೆಗೆ ಕರೆದೊಯ್ದ. ಡಾಕ್ಟರು ಸೂಜಿ ಹಾಕಿ, ಹೇಳಿದ ದಿನಗಳಂದು ಬಂದು ಉಳಿದ ಡೋಸನ್ನೂ ತಪ್ಪದೆ ಹಾಕಿಸಿಕೊಳ್ಳಬೇಕೆಂದರು. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕೆಂದೂ ಹೇಳಿ ಕಳಿಸಿದರು. ಜೊಲ್ಲು ಸುರಿಸುತ್ತದೆಯೇ, ಮಂಕಾಗುತ್ತದೆಯೇ, ಅನ್ನ ನೀರು ಬಿಡುತ್ತದೆಯೇ?

ಆ ಹತ್ತು ದಿನ ಮನೆಯವರ ಕಣ್ಣೆಲ್ಲ ನಾಯಿಯ ಮೇಲೆ. ಮಲಕವ್ವ ಎದ್ದ ಕೂಡಲೇ ದೇವರ ಮುಖ ನೋಡುವುದು ಬಿಟ್ಟು ನಾಯಿಯ ನೀರಿನ ಬೋಗಾಣಿ ನೋಡುತ್ತಿದ್ದಳು. ನಡುವೆ ಒಂದು ದಿನ ಭೀಮ್ಯಾ ಅನ್ನ ಮುಟ್ಟಲಿಲ್ಲ. ಮೂಲೆಯಲ್ಲಿ ಮುದುಡಿ ಮಲಗಿಬಿಟ್ಟ. ಕಸ್ತೂರಿ ತನ್ನ ದವಾಖಾನೆಯ ಡಾಕ್ಟರನ್ನು ಕರೆತಂದಳು. ಅವರು ದೂರದಿಂದ ನೋಡಿ, ಆಮೇಲೆ ಹೊಟ್ಟೆ ಮುಟ್ಟಿ, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಆಗ ಹೊರಬಿತ್ತು. ಎಲುಬು ಗಟ್ಟಿಯಾಗಲಿ ಎಂದು ಅಮೋಘಸಿದ್ದ ಎಮ್ಮೆಗೆ ಹಾಕುವ ಕ್ಯಾಲ್ಸಿಯಂ ಟಾನಿಕ್ಕನ್ನು ದಿನವೂ ಮರಿಗೆ ಕುಡಿಸುತ್ತಿದ್ದ! ಹೊಟ್ಟೆ ಕಟ್ಟಿತ್ತು, ಅಷ್ಟೇ.

ಡಾಕ್ಟರು ಹೋದ ಮೇಲೆ ಕಸ್ತೂರಿ ಹೇಳಿದಳು: "ಎಮ್ಮಿ ಟಾನಿಕ್ಕಿನಿಂದ ಇದರ ಎಲುಬು ಗಟ್ಟಿ ಆಗೂದಿಲ್ರಿ ಕಾಕಾ, ಡೊಂಕ ಆಕ್ಕಾವು. ದೊಡ್ಡ ಜಾತಿ ಮರಿ ಸಾವಕಾಶ ಬೆಳೀಬೇಕು. ಅದಕ್ಕಂತನ ಸಿಗೋ ಆಹಾರ, ಇಲ್ಲಾ ಡಾಕ್ಟರ ಹೇಳಿದಷ್ಟ ಮನಿ ಊಟ. ದನದ ಔಷಧ, ಕುರಿ ಔಷಧ ಏನೂ ಬ್ಯಾಡ."

ಹತ್ತು ದಿನ ಕಳೆದವು. ಭೀಮ್ಯಾ ಗಟ್ಟಿಯಾಗಿಯೇ ಇದ್ದ. ಲಸಿಕೆ ಹಾಕಿಸಿ ಬಂದು ಶಿವಾಜಿ ಉಸ್ಸಪ್ಪಾ ಎಂದು ಕೂತ ಹೊತ್ತಿಗೆ ಕಳ್ಳಕವಟಗಿಯಿಂದ ಫೋನು ಬಂತು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ತೊಟ್ಟಿಲಲ್ಲಿ ಹೆಣ್ಣು ಕೂಸು, ಬರುವ ತಿಂಗಳು ಕರೆದುಕೊಂಡು ಬರುವ ಮಾತಾಗಿತ್ತು.

"ದೊಡ್ಡಾಕಿ ಕೈನ ಹಂಗ ಹಿಡದೈತಿ. ನನ್ನ ಕೂಸಿನ ತಲಿ ಅದರ ಬಾಯಾಗ ಹಿಡಿಸ್ತೈತ್ರಿ." ಎಂದಳು ಲಲಿತಾ. "ಆ ಮನ್ಯಾಗ ನಾಯಿ ಇರಲಿ, ಇಲ್ಲಾ ನಾವ ಇರ್ತೇವಿ. ಎರಡೂ ಆಗೂದಿಲ್ಲ."

ಫೋನು ಸ್ಪೀಕರಿನಲ್ಲಿತ್ತು. ಎಲ್ಲರಿಗೂ ಕೇಳಿಸಿತು. ಮಲಕವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮೊಮ್ಮಗಳ ಮುಖ ಮೊಬೈಲಿನಲ್ಲಿ ಬಿಟ್ಟರೆ ಸರಿಯಾಗಿ ನೋಡಿರಲಿಲ್ಲ ಅವಳು.

"ನಾಳಿಗೇ ಯುನುಸಗ ವಾಪಸ್ ಕೊಟ್ಟ ಬರ್ತೇನಿ" ಎಂದ ಶಿವಾಜಿ.

"ಕೊಡೂದಾದ್ರ ಕೊಡ್ರಿ, ತಪ್ಪಿಲ್ಲ," ಎಂದಳು ಕಸ್ತೂರಿ. "ಆದ್ರ ನೀವ ಕಲಿಸಿದ್ದನ್ನೂ ಅದು ತನ್ನ ಜೋಡಿ ಒಯ್ಯತೈತಿ. ಅಲ್ಲಿನೂ ಒಬ್ಬಾಕಿ ಹುಚ್ಚವ್ವ ಇರ್ತಾಳ."

ಅಮೋಘಸಿದ್ದ ಕೆರಳಿದ. "ನಾ ಏನ್ ಕೆಟ್ಟದ್ದ ಕಲಿಸೇನಿ? ನಮ್ಮಪ್ಪ ಹಿಂಗ ಸಾಕಿದ, ನಾ ಹಿಂಗ ಸಾಕೀನಿ. ಹಟ್ಟ್ಯಾಗ ಒಂದ ಮರಿ ಕಳದಿಲ್ಲ!"

"ಖರೇ ಐತ್ರಿ ಕಾಕಾ. ಹಟ್ಟಿಗಿ ಯಾರ ಬರ್ತಿದ್ರು? ತೋಳ, ಇಲ್ಲಾ ಕಳ್ಳ. ಇಲ್ಲಿಗಿ ಯಾರ ಬರ್ತಾರ? ಹಾಲಿನಾಕಿ, ಗ್ಯಾಸಿನಾಂವ, ಕರೆಂಟ್ ಬಿಲ್ಲಿನಾಂವ. ಯಾರ ಮಾರೀನೂ ನೋಡದ ಬೆಳದ ನಾಯಿಗಿ ಇವರೆಲ್ಲಾ ತೋಳಾನ ಆಕ್ಕಾರ. ನಾಳೆ ನಿಮ್ಮ ಮೊಮ್ಮಗಳೂ ಅದಕ್ಕ ಹೊಸಬಾಕಿನ."

ಮುದುಕನಿಗೆ ಈ ಮಾತು ನಾಟಿತು. ಆದರೂ ಬಿಗುಮಾನ ಎಲ್ಲಿ ಹೋಗಬೇಕು? "ನಾಯಿಗಿ ಸಾಲಿ ಕಲಸಾಕ ಹೊಂಟಾಳ" ಎಂದು ಗೊಣಗಿ ಎದ್ದು ಹೋದ.

ಶಿವಾಜಿ ಮರಿಯನ್ನು ವಾಪಸ್ ಕೊಡಲು ಹೋಗಲಿಲ್ಲ. ಮಾರನೆಯ ದಿನದಿಂದ ಕಸ್ತೂರಿಯ ಶಾಲೆ ಸುರುವಾಯಿತು. ಗೇಣುದ್ದದ ಸರಪಳಿ ಹೋಯಿತು, ಕೊರಳಿಗೆ ಉದ್ದನೆಯ ಗಟ್ಟಿ ಹಗ್ಗ ಬಂತು. ಮುಂಜಾನೆ ಸಂಜೆ ಶಿವಾಜಿ ಬಾಯಿಜಾಲರಿ ಹಾಕಿ ಓಣಿಯಲ್ಲಿ ಸ್ವಲ್ಪ ದೂರ ನಡೆಸಿಕೊಂಡು ಬರುವನು. ನಾಯಿಯನ್ನು ಬೈಕಿನ ಹಿಂದೆ ಓಡಿಸುವ ಹುಡುಗರನ್ನು ನೋಡಿ ಅವನಿಗೂ ಆಸೆಯಾಗಿತ್ತು. "ಎಳೇ ಕಾಲಿನ ಕೀಲ ಹಾಳ ಆಕ್ಕಾವು" ಎಂದು ಕಸ್ತೂರಿ ಬೈದ ಮೇಲೆ ಬಿಟ್ಟ. "ಕೂಡು" ಅಂದಾಗ ಕೂತರೆ ಬೇಯಿಸಿದ ತತ್ತಿಯ ಚೂರು. ಕೂಡದಿದ್ದರೆ ಹೊಡೆತವಿಲ್ಲ, ತತ್ತಿಯೂ ಇಲ್ಲ. ಆಟದಲ್ಲಿ ಹಲ್ಲು ತಾಗಿಸಿದರೆ ಆಟ ಅಲ್ಲಿಗೆ ಬಂದ್, ಎಲ್ಲರೂ ಬೆನ್ನು ತಿರುಗಿಸಿ ನಿಲ್ಲುವುದು. ಹೊಸಬರು ಬಂದರೆ ದೂರದಿಂದಲೇ ನೋಡಬೇಕು, ನೋಡಿ ಸುಮ್ಮನಿದ್ದರೆ ಮತ್ತೆ ತತ್ತಿ.

ಕೈಗೆ ಪಟ್ಟಿ ಕಟ್ಟಿಕೊಂಡ ಹುಚ್ಚವ್ವನನ್ನೂ ಕಸ್ತೂರಿ ಕರೆದಳು.

"ನನ್ನ ಕೈ ತಿಂದಾಂವಗ ನಾನ ತತ್ತಿ ಒಗೀಬೇಕೇನ?" ಎಂದಳು ಹುಚ್ಚವ್ವ. ಆದರೂ ಗೇಟಿನಾಚೆ ನಿಂತು ಒಗೆದಳು. ಮೊದಲ ದಿನ ಭೀಮ್ಯಾ ಗುರುಗುಟ್ಟಿದ. ವಾರ ಕಳೆಯುವಷ್ಟರಲ್ಲಿ ಕ್ಯಾನಿನ ಸದ್ದಿಗೇ ಬಾಲ ಅಲ್ಲಾಡತೊಡಗಿತು.

ಅಮೋಘಸಿದ್ದ ಕಟ್ಟೆಯ ಮೇಲೆ ಬಡಿಗೆ ಹಿಡಿದು ಕೂತು ಇದನ್ನೆಲ್ಲ ನೋಡುತ್ತಿದ್ದ. ಒಂದು ದಿನ ಕಸ್ತೂರಿ, "ಲಲಿತಾನ ತವರಿಂದ ಕೂಸಿನ ಕುಂಚಿಗಿ ಒಂದ ತರಸ್ರಿ. ತೊಳೀಲಾರದ್ದು. ಕೂಸಿಗಿಂತ ಮೊದಲ ಕೂಸಿನ ವಾಸನಿ ಮನಿಗಿ ಬರಬೇಕು" ಅಂದಳು.

ಮುದುಕ ಚಕ್ಕನೆ ತಲೆಯೆತ್ತಿದ. ಹಟ್ಟಿಯಲ್ಲಿ ಕುರಿಯ ಮರಿ ಸತ್ತರೆ ಏನು ಮಾಡುತ್ತಿದ್ದರು? ಸತ್ತ ಮರಿಯ ತೊಗಲನ್ನು ತಬ್ಬಲಿ ಮರಿಗೆ ಹೊದಿಸಿ ತಾಯಿಯ ಮುಂದೆ ಬಿಡುತ್ತಿದ್ದರು. ಕಣ್ಣಿಗೆ ಬೇರೆ ಮರಿ ಕಂಡರೂ ಮೂಗು ಒಪ್ಪಿತೆಂದರೆ ಕುರಿ ಹಾಲು ಕುಡಿಸುತ್ತಿತ್ತು. ಎಷ್ಟು ತಬ್ಬಲಿ ಮರಿಗಳನ್ನು ಅವನ ಕೈಯೇ ಹೀಗೆ ಬದುಕಿಸಿತ್ತು.

"ಇದನ್ನ ಮೊದಲ ಹೇಳಬಾರದೇನ ತಂಗೀ?" ಎಂದವನೇ ರುಮಾಲು ಸುತ್ತಿಕೊಂಡ. "ಕುಂಚಿಗಿ ನಾನ ತರತೇನಿ."

ಕಳ್ಳಕವಟಗಿಯಲ್ಲಿ ಲಲಿತಾ ಮಾವನಿಗೆ ಚಹಾ ಕೊಟ್ಟಳು, ಮುಖ ಕೊಡಲಿಲ್ಲ.

"ಯವ್ವಾ, ತಪ್ಪ ನಾಯೀದಲ್ಲ, ನಂದು," ಎಂದ ಅಮೋಘಸಿದ್ದ. ಸೊಸೆಯ ಮುಂದೆ ಹೀಗೆ ಹೇಳುವುದು ಅವನಿಗೆ ಸುಲಭವಿರಲಿಲ್ಲ. "ಒಮ್ಮಿ ಬಂದ ನೋಡು."

ಲಲಿತಾ ತೊಟ್ಟಿಲಿನತ್ತ ಹೋಗಿ ಕೂಸನ್ನು ಎತ್ತಿಕೊಂಡಳು. ಆಮೇಲೆ ಕೂಸಿನ ತಲೆಯ ಮೇಲಿದ್ದ ಕುಂಚಿಗೆ ಬಿಚ್ಚಿಕೊಟ್ಟಳು. "ಬರ್ತೇನ್ರಿ ಮಾವಾರ. ಗೇಟಿನ ಹೊರಗ ನಿಂತ ನೋಡ್ತೇನಿ. ಅದು ಹಲ್ಲ ತೋರಿಸ್ತಂದ್ರ ಅದ ಗಾಡಿ ಹತ್ತಿ ವಾಪಸ್ ಬರಾಕಿ. ಆಮ್ಯಾಲ ಯಾರೂ ಕರಿಬ್ಯಾಡ್ರಿ."

ಅಂದಿನಿಂದ ಭೀಮ್ಯಾನ ಊಟದ ತಾಟಿನ ಪಕ್ಕದಲ್ಲಿ ಕುಂಚಿಗೆ. ಶಿವಾಜಿಯ ಮೊಬೈಲಿನಲ್ಲಿ ಕೂಸಿನ ಅಳು, ಮೊದಲು ಸಣ್ಣಗೆ, ಬರಬರುತ್ತ ಜೋರಾಗಿ. ಮೊದಮೊದಲು ಅಳು ಕೇಳಿ ಬೆದರುತ್ತಿದ್ದ ನಾಯಿ, ಆಮೇಲಾಮೇಲೆ ಊಟದಿಂದ ತಲೆಯನ್ನೂ ಎತ್ತಲಿಲ್ಲ.

ಬರುವ ದಿನ ಬಂತು. ಲಲಿತಾ ಕೂಸನ್ನು ಎದೆಗವಚಿಕೊಂಡು ಗಾಡಿಯಿಂದಿಳಿದು ಗೇಟಿನಾಚೆ ನಿಂತಳು. ಡ್ರೈವರಿಗೆ, "ಗಾಡಿ ಬಂದ್ ಮಾಡಬ್ಯಾಡ್ರಿ" ಅಂದಳು. ಅಂಗಳದ ಆ ತುದಿಯಲ್ಲಿ ಶಿವಾಜಿ ಹಗ್ಗ ಹಿಡಿದಿದ್ದ, ಭೀಮ್ಯಾ ಕೂತಿದ್ದ. ಕಸ್ತೂರಿ ಎಲ್ಲವನ್ನೂ ಯೋಚಿಸಿದ್ದಳು, ಒಂದನ್ನು ಬಿಟ್ಟು. ಮೊಮ್ಮಗಳು ಮೊದಲ ಸಲ ಬಾಗಿಲಿಗೆ ಬಂದಾಗ ಅಜ್ಜಿ ತೆಂಗಿನಕಾಯಿ ನಿವಾಳಿಸಿ ಒಡೆಯದೆ ಬಿಡುತ್ತಾಳೆಯೇ?

ಮಲಕವ್ವ ಗೇಟು ತೆರೆದು ನಿವಾಳಿಸಿ, ಕಾಯಿಯನ್ನು ಗೇಟಿನ ಒಳಗಿನ ಕಲ್ಲಿಗೆ ಅಪ್ಪಳಿಸಿದಳು. ಫಟ್ ಎಂದಿತು. ಕೂಸು ಕಿಟಾರನೆ ಚೀರಿತು. ಭೀಮ್ಯಾ ಬೆಚ್ಚಿ ಜಿಗಿದ, ಹಗ್ಗ ಶಿವಾಜಿಯ ಕೈಯಿಂದ ಜಾರಿತು. ನಾಯಿ ನೇರ ಗೇಟಿನ ಕಡೆಗೆ.

ನಡುವೆ ಇದ್ದವನು ಅಮೋಘಸಿದ್ದ ಒಬ್ಬನೇ. ಅವನ ಕೈ ಗೋಡೆಗೆ ಒರಗಿದ್ದ ಬಡಿಗೆಯನ್ನು ಹಿಡಿಯಿತು. ಬಡಿಗೆ ಕಂಡದ್ದೇ ಭೀಮ್ಯಾನ ಬೆನ್ನಿನ ಕೂದಲು ನಿಮಿರಿತು. ಬಡಿಗೆ ಎದ್ದರೆ ಹೊಸಬರ ಮೇಲೆ ಹೋಗಬೇಕು, ಇದನ್ನು ಕಲಿಸಿದವನು ಇವನೇ ಅಲ್ಲವೇ! ಮುದುಕನಿಗೆ ಹೊಳೆಯಿತು. ಬಡಿಗೆಯನ್ನು ಹಿಂದಕ್ಕೆ ಎಸೆದ. ಖಾಲಿ ಅಂಗೈ ತೋರಿಸಿ, ಕೂಗದೆ ಅಂದ:

"ಭೀಮ್ಯಾ, ಕೂಡು."

ನಾಯಿ ನಿಂತಿತು. ಮೈಯೆಲ್ಲ ನಡುಗುತ್ತಿತ್ತು. ಕೂಸು ಅಳುತ್ತಲೇ ಇತ್ತು. ಭೀಮ್ಯಾ ಮೂಗು ಎತ್ತಿ ಗಾಳಿಯನ್ನು ಎಳೆದುಕೊಂಡ. ಒಮ್ಮೆ ಎಳೆದ, ಮತ್ತೊಮ್ಮೆ ಎಳೆದ. ಗೊತ್ತಿದ್ದ ವಾಸನೆ. ಕೇಳಿದ್ದ ಅಳು. ಕಾಯಿಯ ನೀರು ಹರಿದಿದ್ದ ಕಲ್ಲಿನ ಮೇಲೆ ಮೆಲ್ಲಗೆ ಕೂತುಬಿಟ್ಟ.

ಲಲಿತಾ ಮಿಸುಕಲಿಲ್ಲ. "ಮೊದಲ ಹಗ್ಗ ಹಿಡ್ರಿ," ಎಂದಳು ಗಂಡನಿಗೆ. ಶಿವಾಜಿ ಹಗ್ಗ ಹಿಡಿದು ನಾಯಿಯನ್ನು ಬದಿಗೆ ತಂದ. ಆಮೇಲೆ ಅವಳು ಡ್ರೈವರಿನ ಕಡೆ ತಿರುಗಿ, "ಗಾಡಿ ಬಂದ್ ಮಾಡ್ರಿ. ಚಹಾ ಕುಡದ ಹೋಗ್ರಿ" ಅಂದಳು. ಮಲಕವ್ವ ಅಳುತ್ತಲೇ ಮೊಮ್ಮಗಳನ್ನು ಎತ್ತಿಕೊಂಡಳು.

ಹೊಸ್ತಿಲು ದಾಟುವ ಮೊದಲು ಲಲಿತಾ ಒಂದು ಮಾತು ಹೇಳಿದಳು: "ಎಷ್ಟ ಶ್ಯಾಣ್ಯಾ ಆದ್ರೂ ಅಂವ ನಾಯಿ. ಕೂಸಿನ ಹತ್ರ ಅವನ್ನ ಒಬ್ಬನ್ನ ಒಂದ ಗಳಿಗಿನೂ ಬಿಡಂಗಿಲ್ಲ."

"ಇಷ್ಟ ದಿನ ನಾ ಹೇಳಿದ್ದಕ್ಕಿಂತ ಇದ ದೊಡ್ಡ ಮಾತು" ಎಂದಳು ಕಸ್ತೂರಿ.

ಈಗ ಆ ಗೇಟಿನಲ್ಲಿ ಬೋರ್ಡಿನ ಜೊತೆ ಒಂದು ಗಂಟೆಯೂ ಇದೆ. ಹಟ್ಟಿಯ ಹಳೇ ಟಗರಿನ ಕೊರಳಗಂಟೆ, ಅಮೋಘಸಿದ್ದನೇ ಕಟ್ಟಿದ್ದು. ಹುಚ್ಚವ್ವ ಅದನ್ನು ಬಾರಿಸುತ್ತಾಳೆ. ಯಾರಾದರೂ ಬಂದು ನಾಯಿಯನ್ನು ಹಿಡಿದುಕೊಂಡ ಮೇಲೆಯೇ ಒಳಗೆ ಬರುತ್ತಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ದೊಡ್ಡ ಜಾತಿಯ ಮರಿ ಇದೆಯೇ? ಇವತ್ತೇ ಪಶು ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಹಾಕಿಸಿ, ಪ್ರತಿ ವರ್ಷವೂ ಹಾಕಿಸಿ. ಹಲ್ಲು ತಾಗಿತೆಂದರೆ, ಮನೆಯ ಮರಿಯದೇ ಆಗಲಿ, ಸುಣ್ಣ ಅರಿಶಿನ ಬಿಟ್ಟು ಸಾಬೂನು ನೀರಿನಲ್ಲಿ ಕಾಲು ತಾಸು ತೊಳೆದು ದವಾಖಾನೆಗೆ ಓಡಿ. ಗೇಣುದ್ದ ಸರಪಳಿ, ಬಡಿಗೆ ಇವು ನಾಯಿಗೆ ಕಾವಲು ಕಲಿಸುವುದಿಲ್ಲ, ಭಯ ಕಲಿಸುತ್ತವೆ. ಹೆದರಿದ ನಾಯಿ ಕಳ್ಳನನ್ನೂ ಕೂಸನ್ನೂ ಬೇರೆ ಮಾಡಿ ನೋಡುವುದಿಲ್ಲ.

ನಿಮ್ಮ ಮರಿ ಇನ್ನೂ ಸಣ್ಣದಿದೆ. ಇವತ್ತು ಅದಕ್ಕೆ ಯಾರ ಮುಖ ತೋರಿಸಿದಿರಿ?