ಸ್ಕೇಲಮ್ಮನ ಹುಬ್ಬು

ಸ್ಕೇಲಮ್ಮನಿಗೆ ಆ ಹೆಸರು ಅಂಟಿದ್ದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಕಾಲದಲ್ಲಿ. ಕೆಲಸದಿಂದ ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು, ಹೆಸರು ಮಾತ್ರ ನಿವೃತ್ತಿಯಾಗಿರಲಿಲ್ಲ. ಪ್ರಾರ್ಥನಾ ಮಂದಿರದ ಮಹಿಳಾ ಸಭೆಯಲ್ಲಿ ಯಾರ ತೋಳು ಎಷ್ಟು ಮೇಲಿದೆ, ಯಾರ ತಲೆವಸ್ತ್ರದಿಂದ ಎಷ್ಟು ಕೂದಲು ಇಣುಕುತ್ತಿದೆ ಎಂಬುದನ್ನು ಅವರು ಬಾಗಿಲಲ್ಲೇ ಕಣ್ಣಳತೆಯಲ್ಲಿ ಹೇಳಿಬಿಡುತ್ತಿದ್ದರು. ನಿಜವಾಗಿ ಸ್ಕೇಲು ಹಿಡಿದು ಅಳೆದದ್ದು ಒಂದೇ ಸಲ. ಒಂದು ಸಲ ಸಾಕಾಗಿತ್ತು.

ಹಾಗೆಂದು ಅವರದು ಬೂಟಾಟಿಕೆಯಲ್ಲ. ಬೇರೆಯವರಿಗೆ ಹೇಳಿದ್ದನ್ನು ತಾವು ಮೊದಲು ಮಾಡುತ್ತಿದ್ದರು. ಅರವತ್ತೆರಡು ವರ್ಷದ ಆ ಮುಖ ಸೋಪು ನೀರು ಬಿಟ್ಟರೆ ಬೇರೇನನ್ನೂ ಕಂಡಿರಲಿಲ್ಲ. ನರೆತ ಕೂದಲನ್ನು ಬಿಗಿದು ಜಡೆ ಹೆಣೆದು, ಸುತ್ತಿ, ಮೇಲೆ ಬೂದು ಬಣ್ಣದ ತಲೆವಸ್ತ್ರ ಕಟ್ಟಿದರೆಂದರೆ ಮಲಗುವ ತನಕ ಅದು ಅಲ್ಲಾಡುತ್ತಿರಲಿಲ್ಲ. ದೇವರು ಬರೆದ ಮುಖಕ್ಕೆ ತಿದ್ದುಪಡಿ ಬೇಡ ಎಂಬುದು ಅವರ ಮಾತು. ಉತ್ತರಪತ್ರಿಕೆ ತಿದ್ದಿದ ಕೈ ಹೇಳುವ ಮಾತಾದ್ದರಿಂದ ಯಾರೂ ಎದುರಾಡುತ್ತಿರಲಿಲ್ಲ.

ಅವರ ಸೊಸೆ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಯ ಎರಡು ಕಣ್ಣುಗಳ ನಡುವಿನ ಅಂತರ ಅಳೆಯುವುದು, ಕಿವಿಯ ಹಿಂದೆ ಒತ್ತುವ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸುವುದು, ಯಾವ ಮುಖಕ್ಕೆ ಯಾವ ಫ್ರೇಮು ಹೊಂದೀತೆಂದು ಹೇಳುವುದು ಅವಳ ಕೆಲಸ. ತಲೆವಸ್ತ್ರದ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ತವರಿನಲ್ಲೂ ಕಟ್ಟುತ್ತಿದ್ದಳು, ಇಷ್ಟಪಟ್ಟೇ ಕಟ್ಟುತ್ತಿದ್ದಳು. ಅವಳನ್ನು ಕಾಡಿದ್ದು ಕಾಡಿಗೆ. ಬೆಳಿಗ್ಗೆ ಅಂಗಡಿಯ ಕನ್ನಡಿಯ ಮುಂದೆ ಹಚ್ಚಿಕೊಳ್ಳುವುದು, ಸಂಜೆ ಬಸ್ಸಿನಿಂದ ಇಳಿಯುವ ಮೊದಲು ಒರೆಸಿಕೊಳ್ಳುವುದು. ಮದುವೆಯಾದ ನಾಲ್ಕು ವರ್ಷವೂ ಹೀಗೇ ನಡೆದಿತ್ತು.

ಒಂದು ಸಂಜೆ ಬಸ್ಸಿನಲ್ಲಿ ಕೈ ಎತ್ತಲೂ ಜಾಗವಿರಲಿಲ್ಲ. ಒರೆಸಿದ್ದು ಅರ್ಧಂಬರ್ಧವಾಯಿತು. ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದವಳ ಎಡಗಣ್ಣಿನ ಕೆಳಗೆ ಕೂದಲೆಳೆಯಷ್ಟು ಕಪ್ಪು ಉಳಿದಿತ್ತು. ಸ್ಕೇಲಮ್ಮನಿಗೆ ಅಷ್ಟು ಸಾಕು. ಹಾಲು ಕಾಯಿಸಲೆಂದು ಗ್ಯಾಸು ತಿರುಗಿಸಿದವರು ಲೈಟರನ್ನು ಕೈಯಲ್ಲೇ ಹಿಡಿದು ಸೊಸೆಯತ್ತ ತಿರುಗಿದರು. ಕಣ್ಣಿಗೆ ಕಪ್ಪು ಬಳಿದರೆ ನೋಟ ಹೇಗೆ ಕೆಡುತ್ತದೆ, ನೋಟ ಕೆಟ್ಟರೆ ಮನಸ್ಸು ಹೇಗೆ ಕೆಡುತ್ತದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಬಿಡಿಸಿದಂತೆ ಹೇಳತೊಡಗಿದರು. ಸೊಸೆ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಎದುರುತ್ತರ ಕೊಡಬೇಡ ಅನ್ನಿಸಿಕೊಂಡಳು. ಅವಳು ಹೇಳಬೇಕೆಂದಿದ್ದದ್ದು ಗ್ಯಾಸಿನ ವಿಷಯ.

ಉಪದೇಶ ಮುಗಿದ ಮೇಲೆ ಸ್ಕೇಲಮ್ಮ ಲೈಟರ್ ಒತ್ತಿದರು. ಭುಸ್ಸೆಂದು ಬೆಂಕಿ ಮುಖದೆತ್ತರಕ್ಕೆ ಎದ್ದು, ಅಷ್ಟೇ ಬೇಗ ಇಳಿದುಹೋಯಿತು. ಸೊಸೆ ಅವರನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಬಗ್ಗಿಸಿದಳು. ದೇವರು ದೊಡ್ಡವನು, ಚರ್ಮ ಕೊಂಚ ಕೆಂಪಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ತಲೆವಸ್ತ್ರ ಕೂದಲನ್ನು ಕಾಪಾಡಿತ್ತು. ಹುಬ್ಬಿಗೆ ವಸ್ತ್ರವಿರಲಿಲ್ಲ. ಎರಡೂ ಹೋಗಿದ್ದವು.

ಬೀದಿಯ ಕೊನೆಯ ಡಾಕ್ಟರು ಮುಲಾಮು ಕೊಟ್ಟು, ಹುಬ್ಬು ಎರಡು ಮೂರು ತಿಂಗಳಲ್ಲಿ ತಾನಾಗಿ ಬರುತ್ತದೆ ಎಂದರು. ಸ್ಕೇಲಮ್ಮ ಅದಕ್ಕೇನು ಎಂದು ಹೇಳಿಕೊಂಡೇ ಮನೆಗೆ ಬಂದರು. ಅದಕ್ಕೇನು ಎಂಬುದು ಗೊತ್ತಾದದ್ದು ಆಮೇಲೆ. ಹುಬ್ಬಿಲ್ಲದ ಮುಖದಲ್ಲಿ ಅವರ ಸಿಟ್ಟಿಗೆ ನಿಲ್ಲಲು ಜಾಗವೇ ಇರಲಿಲ್ಲ. ಹಾಲಿನವನು ಸತತ ಮೂರು ದಿನ ತಡವಾಗಿ ಬಂದದ್ದಕ್ಕೆ ಚೆನ್ನಾಗಿ ಜಾಡಿಸಿದರೆ, ಅವನು ಅಮ್ಮ ಏನೋ ಸಂತೋಷದ ಸುದ್ದಿ ಹೇಳುತ್ತಿದ್ದಾರೆಂದು ನಗುತ್ತಾ ನಿಂತಿದ್ದ. ಮಗ ಹೆಂಡತಿಯ ಹತ್ತಿರ, ಈಗ ಅಮ್ಮ ಬೈದರೂ ಬೈದ ಹಾಗೆ ಅನ್ನಿಸುವುದಿಲ್ಲ ಎಂದು ಪಿಸುಗುಟ್ಟಿದ. ಮಾವನವರು ಗಡಿಯಾರ ರಿಪೇರಿಯವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗನ್ನು ಹಿಡಿಯಬಲ್ಲವರು. ಅವರು ಎಂಟನೆಯ ದಿನ ಊಟದ ನಡುವೆ ಹೆಂಡತಿಯನ್ನು ದಿಟ್ಟಿಸಿ ನೋಡಿ, ತಲೆವಸ್ತ್ರ ಹೊಸದಾ ಎಂದು ಕೇಳಿದರು.

ಇದೆಲ್ಲ ಸಹಿಸಬಹುದಿತ್ತು. ಆದರೆ ಬರುವ ಭಾನುವಾರ ಮಹಿಳಾ ಸಭೆಯ ವಾರ್ಷಿಕ ಕೂಟ. ಸರಳತೆಯ ಬಗ್ಗೆ ಮಾತಾಡಬೇಕಾದವರು ಸ್ಕೇಲಮ್ಮ. ತಲೆವಸ್ತ್ರವನ್ನು ಕಣ್ಣಿನವರೆಗೆ ಎಳೆದುಕೊಂಡು ನೋಡಿದರು, ಬಚ್ಚಲ ಬಾಗಿಲಿಗೆ ಹಣೆ ಬಡಿಯಿತು. ಸೊಸೆ ಅಂಗಡಿಯಿಂದ ದಪ್ಪ ಅಂಚಿನ ಮೂರು ಫ್ರೇಮು ತಂದಳು. ಒಂದರಲ್ಲಿ ಗೂಬೆ, ಒಂದರಲ್ಲಿ ಸಿನಿಮಾದ ಖಳನಾಯಕ. ಮೂರನೆಯದು ಪರವಾಗಿರಲಿಲ್ಲ, ಆದರೆ ಕಣ್ಣು ಸರಿಯಿದ್ದೂ ಕನ್ನಡಕ ಹಾಕುವುದು ಸುಳ್ಳು ಹೇಳಿದ ಹಾಗೆ ಎಂದು ಸ್ಕೇಲಮ್ಮ ಅದನ್ನೂ ತೆಗೆದಿಟ್ಟರು.

ಶನಿವಾರ ಮಧ್ಯಾಹ್ನ ಗಂಡಸರಿಬ್ಬರೂ ಹೊರಗಿದ್ದಾಗ ಅವರು ಸೊಸೆಯ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಆ ಕೆಂಪು ಕನ್ನಡಕದ ಡಬ್ಬಿ ತಗೊಂಡು ಬಾ."

ಸೊಸೆ ಕಲ್ಲಾದಳು. ಡಬ್ಬಿಯಲ್ಲಿ ಇದ್ದದ್ದು ಕನ್ನಡಕವಲ್ಲ, ಕಾಡಿಗೆ ಮತ್ತು ಹುಬ್ಬಿನ ಪೆನ್ಸಿಲು.

"ನಿನ್ನ ಕಣ್ಣು ನೆಟ್ಟಗಿದೆ," ಎಂದರು ಸ್ಕೇಲಮ್ಮ. "ಕನ್ನಡಕ ಹಾಕದೆ ಇರೋಳಿಗೆ ಡಬ್ಬಿ ಯಾಕೆ ಅಂತ ಮೊದಲನೇ ವರ್ಷಾನೇ ಯೋಚನೆ ಮಾಡಿದ್ದೆ. ತೆರೆದು ನೋಡ್ಲಿಲ್ಲ. ಬೇರೆಯವರ ವಸ್ತು ಮುಟ್ಟಬಾರದು."

ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಅವರು ಕಣ್ಣು ಮುಚ್ಚಿ ಕುಳಿತರು. ಇದು ಬಣ್ಣವಲ್ಲ ತಾನೇ, ಇದ್ದದ್ದನ್ನು ಇದ್ದ ಜಾಗದಲ್ಲಿ ತೋರಿಸುವುದು ತಾನೇ ಎಂದು ಕೇಳಿದರು. ಅಳಿಸಿಹೋದ ಗಡಿಯನ್ನು ಮತ್ತೆ ಗುರುತು ಹಾಕುವುದಿಲ್ಲವೇ ಅತ್ತೆ, ಹಾಗೆ ಎಂದಳು ಸೊಸೆ. ಆ ಹೋಲಿಕೆ ಸ್ಕೇಲಮ್ಮನಿಗೆ ಹಿಡಿಸಿತು, ಮನಸ್ಸು ಮಾತ್ರ ಪೂರ್ತಿ ಒಪ್ಪಲಿಲ್ಲ.

ನಾಲ್ಕು ವರ್ಷದಲ್ಲಿ ಸೊಸೆ ಅತ್ತೆಯ ಮುಖ ಮುಟ್ಟಿದ್ದು ಆ ಬೆಂಕಿಯ ದಿನ ಬಿಟ್ಟರೆ ಇದೇ ಮೊದಲು. ದಿನಕ್ಕೆ ಇಪ್ಪತ್ತು ಅಪರಿಚಿತರ ಮೂಗಿನ ಮೇಲೆ ಕನ್ನಡಕ ಕೂರಿಸುವ ಕೈ ಈಗ ಪೆನ್ಸಿಲಿನ ಮೊನೆಯನ್ನು ಎರಡೆರಡು ಸಲ ಚೂಪು ಮಾಡಿತು. ಮೊದಲ ಸಲ ಹುಬ್ಬು ಕಮಾನಾಗಿ ಎದ್ದು, ಸ್ಕೇಲಮ್ಮ ಯಾರನ್ನೋ ಕಾಯುತ್ತಾ ಕೂತ ಹಾಗೆ ಕಂಡರು. ಸೊಸೆ ತುಟಿ ಕಚ್ಚಿ ನಗು ತಡೆದುಕೊಂಡು ಅದನ್ನು ಒರೆಸಿದಳು. ಆಮೇಲೆ ಶಾಲೆಯ ಹಳೆಯ ಗುರುತಿನ ಚೀಟಿ ತಂದು, ಅದರ ಫೋಟೋ ನೋಡಿಕೊಂಡು ಒಂದೊಂದೇ ಎಳೆಯಾಗಿ ಬರೆದಳು. ಎಡಹುಬ್ಬು ಬಲದಕ್ಕಿಂತ ಚೂರು ಕೆಳಗೆ, ಮೂಗಿನ ಕಡೆ ಇಳಿಜಾರು.

ಕನ್ನಡಿ ಕೈಗೆ ಬಂದಾಗ ಸ್ಕೇಲಮ್ಮ ಬಹಳ ಹೊತ್ತು ನೋಡಿಕೊಂಡರು. ಅಷ್ಟು ಹೊತ್ತು ಅವರು ಕನ್ನಡಿ ನೋಡಿದ್ದು ಯಾವಾಗಲೋ.

"ಅಷ್ಟು ವರ್ಷ ಮಕ್ಕಳು ಹೆದರ್ತಾ ಇದ್ದದ್ದು ಈ ಎಡಗಡೆದಕ್ಕಾ?"

"ನಾನೂ ಅದಕ್ಕೇ ಹೆದರ್ತಾ ಇದ್ದೆ ಅತ್ತೆ," ಎಂದಳು ಸೊಸೆ.

ಭಾನುವಾರ ಬೆಳಿಗ್ಗೆ ಅವಳು ಅದೇ ಹುಬ್ಬನ್ನು ಮತ್ತೆ ಬರೆದುಕೊಟ್ಟಳು. ಮಂದಿರದ ಪಕ್ಕದ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಸ್ಕೇಲಮ್ಮ ಅರ್ಧ ಗಂಟೆ ಮಾತಾಡಿದರು. ಎಂದಿನಂತೆ ಅಂಕಿಗಳಿದ್ದವು, ಮೆಟ್ಟಿಲುಗಳಿದ್ದವು, ಆದರೆ ಪ್ರತಿವರ್ಷ ಹೇಳುವ ತಿದ್ದುಪಡಿಯ ಮಾತನ್ನು ಅವರು ಈ ಸಲ ಬಿಟ್ಟರು. ಗಮನಿಸಿದ್ದು ಮೂರನೆಯ ಸಾಲಿನಲ್ಲಿ ಕೂತಿದ್ದ ಸೊಸೆಯೊಬ್ಬಳೇ. ಎಲ್ಲ ಅಲ್ಲಿಗೇ ಮುಗಿದಿದ್ದರೆ ನಿಶ್ಚಿಂತೆಯಿಂದ ಮನೆಗೆ ಹೋಗಬಹುದಿತ್ತು.

ಮುಗಿಯಲು ಬಿಡದವಳು ಸಭೆಯ ಕಾರ್ಯದರ್ಶಿ. ಆಕೆ ಎದ್ದು, ಒಂದು ವಿಷಯ ತೀರ್ಮಾನವಾಗಬೇಕಿದೆ ಎಂದು ಪುಸ್ತಕದಂಗಡಿಯವರ ಮಗಳನ್ನು ಮುಂದೆ ಕರೆದಳು. ಹದಿನೇಳರ ಹುಡುಗಿ. ಮುಂಗೂದಲನ್ನು ಕತ್ತರಿಸಿ ಹಣೆಯ ಮೇಲೆ ಇಳಿಬಿಟ್ಟಿದ್ದಳು, ತಲೆವಸ್ತ್ರದ ಅಂಚಿನಿಂದ ಅದು ಪೊರಕೆಯಂತೆ ಹೊರಬಿದ್ದಿತ್ತು. ಹೆಂಗಸರು ಕೂದಲಿಗೆ ಕತ್ತರಿ ಮುಟ್ಟಿಸಬಾರದೆಂಬುದು ಸಭೆಯ ನಿಯಮ. ಇಂಥವಳು ಪ್ರಾರ್ಥನಾ ಗೀತೆಯ ಗುಂಪಿನಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲಬಹುದೇ ಎಂದು ಕೇಳಿದ ಕಾರ್ಯದರ್ಶಿ, ಉತ್ತರಕ್ಕೆ ಕಾಯದೆ ಸ್ಕೇಲಮ್ಮನತ್ತ ಕೈ ತೋರಿಸಿದಳು.

"ಕಲೀಬೇಕಾದ್ರೆ ಈ ಮುಖ ನೋಡಿ ಕಲೀರಿ. ಈ ವಯಸ್ಸಲ್ಲೂ ಎಂಥ ಕಳೆ. ಒಂದು ಚೂರು ಬಣ್ಣ ಸೋಕಿಲ್ಲ."

ಎಲ್ಲರೂ ಆ ಮುಖ ನೋಡಿದರು. ಹುಡುಗಿಯೂ ತಲೆ ಎತ್ತಿ ನೋಡಿದಳು, ಅವಳ ಕಣ್ಣು ತುಂಬಿತ್ತು. ಸ್ಕೇಲಮ್ಮ ಚೀಲದಿಂದ ಕರವಸ್ತ್ರ ತೆಗೆದು, ಮೇಜಿನ ಮೇಲಿದ್ದ ಕುಡಿಯುವ ನೀರಿನಲ್ಲಿ ಅದ್ದಿ, ಬಲಹುಬ್ಬಿನ ಮೇಲಿಟ್ಟು ಉಜ್ಜಿದರು.

ಏನೂ ಆಗಲಿಲ್ಲ. ಕರವಸ್ತ್ರ ನೋಡಿದರು, ಬೆಳ್ಳಗೇ ಇತ್ತು. ಇನ್ನೂ ಜೋರಾಗಿ ಉಜ್ಜಿದರು. ಹಣೆ ಕೆಂಪಾಯಿತು, ಹುಬ್ಬು ಜಗ್ಗಲಿಲ್ಲ. ಅಮ್ಮನಿಗೆ ತಲೆ ಸುತ್ತು ಬಂತೆಂದು ಯಾರೋ ಫ್ಯಾನು ಜೋರು ಮಾಡಿದರು. ಕಾರ್ಯದರ್ಶಿ ಕುರ್ಚಿ ತಂದಳು. ಸ್ಕೇಲಮ್ಮ ಕುರ್ಚಿಯನ್ನು ಸರಿಸಿ, ಮೂರನೆಯ ಸಾಲಿನತ್ತ ನೋಡಿದರು. ಸೊಸೆ ಎದ್ದು ನಿಂತಳು. ಇಡೀ ಸಭಾಂಗಣ ಅವಳತ್ತ ತಿರುಗಿತು.

"ಅತ್ತೆ, ಅದು ನೀರಿಗೆ ಹೋಗಲ್ಲ," ಎಂದಳು ಅವಳು ಮೆಲ್ಲಗೆ. "ಎಣ್ಣೆ ಬೇಕು."

ಮೊದಲು ನಕ್ಕದ್ದು ಮುಂದಿನ ಸಾಲಿನ ತೊಂಬತ್ತರ ಅಜ್ಜಿ. ಕಿವಿ ಮಂದವೆಂದು ಎಲ್ಲರೂ ತಿಳಿದಿದ್ದ ಅಜ್ಜಿಗೆ ಈ ಮಾತು ಸರಿಯಾಗಿ ಕೇಳಿಸಿತ್ತು. ನಗು ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವ ಮೊದಲೇ ಸ್ಕೇಲಮ್ಮ ಮೇಜು ತಟ್ಟಿದರು.

ಹತ್ತು ದಿನದ ಹಿಂದೆ ಗ್ಯಾಸಿನ ಬೆಂಕಿಗೆ ಹುಬ್ಬು ಹೋದದ್ದನ್ನು ಅವರು ಹೇಳಿದರು. ಹೋದದ್ದು ಸೊಸೆಗೆ ಕಾಡಿಗೆಯ ಬಗ್ಗೆ ಉಪದೇಶ ಮಾಡುತ್ತಾ ಎಂಬುದನ್ನೂ ಮುಚ್ಚಿಡಲಿಲ್ಲ. ಈ ಹುಬ್ಬು ಅವಳು ಬರೆದದ್ದು, ತಾನೇ ಕೇಳಿ ಬರೆಸಿಕೊಂಡದ್ದು, ಅವಳ ತಪ್ಪಿಲ್ಲ ಎಂದರು. ನಿಮ್ಮೆದುರು ನಿಲ್ಲಲು ನಾಚಿಕೆಯಾಯಿತು, ಅದಕ್ಕೆ ಎಂದಾಗ ಅವರ ದನಿ ಸ್ವಲ್ಪ ತಗ್ಗಿತು. ಆ ದನಿಯನ್ನು ಸೊಸೆ ಹಿಂದೆ ಕೇಳಿರಲಿಲ್ಲ. ಅವಳಿಗೆ ಯಾಕೋ ಅಳು ಬಂತು. ಆವತ್ತು ಅವಳ ಕಣ್ಣಲ್ಲಿ ಕಾಡಿಗೆ ಇರಲಿಲ್ಲ, ಹೆದರದೆ ಅತ್ತಳು.

ಆಮೇಲೆ ಸ್ಕೇಲಮ್ಮ ಹುಡುಗಿಯ ಕಡೆ ತಿರುಗಿ, ಕೂದಲು ಯಾಕೆ ಕತ್ತರಿಸಿದೆ ಎಂದು ಕೇಳಿದರು. ಆ ತನಕ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ. ಹುಡುಗಿ ಮುಂಗೂದಲು ಮೇಲೆತ್ತಿ ತೋರಿಸಿದಳು. ಹಣೆ ತುಂಬ ಮೊಡವೆ.

"ಮುಲಾಮು ಹಚ್ಚು, ಚಿವುಟಬೇಡ," ಎಂದರು ಸ್ಕೇಲಮ್ಮ. "ನಿನ್ನ ಕೂದಲೂ ಬೆಳೆಯುತ್ತೆ, ನನ್ನ ಹುಬ್ಬೂ ಬೆಳೆಯುತ್ತೆ. ಅಲ್ಲಿ ತನಕ ಹಾಡೋದು ಹಾಡು."

ಕಾರ್ಯದರ್ಶಿ ಇದನ್ನು ತೀರ್ಮಾನವೆಂದು ಬರೆಯಬೇಕೋ ಬೇಡವೋ ತಿಳಿಯದೆ ಪೆನ್ನಿನ ಮುಚ್ಚಳ ಹಾಕಿದಳು.

ಮನೆಗೆ ಹೋದ ಮೇಲೆ ಸೊಸೆ ಹತ್ತಿಗೆ ಎಣ್ಣೆ ಹಾಕಿ ಹುಬ್ಬು ಒರೆಸಿದಳು. ಮಾವನವರಿಗೆ ವಿಷಯ ತಲುಪಿದ್ದು ಮರುದಿನ, ಗಡಿಯಾರದಂಗಡಿಗೆ ಬಂದ ಗಿರಾಕಿಯ ಬಾಯಿಂದ. ಸಂಜೆ ಅವರು ಭೂತಗನ್ನಡಿ ಸಿಕ್ಕಿಸಿಕೊಂಡೇ ಬಂದು ಹೆಂಡತಿಯ ಹಣೆಯನ್ನು ಪರೀಕ್ಷೆ ಮಾಡಿ, ಹೌದು, ಹುಬ್ಬು ಇಲ್ಲ ಎಂದು ಒಪ್ಪಿಕೊಂಡರು.

ಸಭೆಯ ನಿಯಮಗಳೇನೂ ಬದಲಾಗಲಿಲ್ಲ. ಬಾಗಿಲ ಪಕ್ಕದ ಹಲಗೆಯ ಮೇಲೆ ಹನ್ನೆರಡೂ ಹಾಗೇ ಇವೆ. ಆದರೆ ಆ ತಿಂಗಳಲ್ಲಿ ಸಭೆಯ ಎಂಟು ಮಂದಿ ಹೆಂಗಸರಿಗೆ ಒಟ್ಟಿಗೇ ಕಣ್ಣು ಮಂಜಾಯಿತು. ಒಬ್ಬೊಬ್ಬರಾಗಿ ಕನ್ನಡಕದ ಅಂಗಡಿಗೆ ಬಂದು, ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರಗಳನ್ನು ಗಡಗಡನೆ ಓದಿ, ಹೊರಡುವ ಮುಂಚೆ ದನಿ ತಗ್ಗಿಸಿ ಆ ಪೆನ್ಸಿಲು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಸೊಸೆ ಹೇಳಿದಳು. ಎಣ್ಣೆಯ ವಿಷಯವನ್ನೂ ಮರೆಯದೆ ಹೇಳಿದಳು.

ಅವಳೂ ಅತ್ತೆಯೂ ಕಾಡಿಗೆಯ ಬಗ್ಗೆ ಒಂದು ಒಪ್ಪಂದಕ್ಕೆ ಬಂದರು. ವಾದ ಮೂರು ಸಂಜೆ ನಡೆಯಿತು. ಮಂದಿರಕ್ಕೆ ಹೋಗುವಾಗ ಇಲ್ಲ, ಕೆಲಸಕ್ಕೆ ಹೋಗುವಾಗ ಅವಳಿಷ್ಟ, ಬಸ್ಸಿನಲ್ಲಿ ಕದ್ದು ಒರೆಸುವುದು ಮಾತ್ರ ಕೂಡದು. ಸ್ಕೇಲಮ್ಮನಿಗೆ ಅದು ಇವತ್ತಿಗೂ ಸರಿಕಾಣುವುದಿಲ್ಲ. ಸರಿಕಾಣುವುದಿಲ್ಲ ಎಂದು ವಾರಕ್ಕೊಮ್ಮೆ ಹೇಳುತ್ತಾರೆ, ಗ್ಯಾಸಿನಿಂದ ದೂರ ನಿಂತು.

ಮುಂದಿನ ತಿಂಗಳ ಮಾಮೂಲಿ ಕೂಟದಲ್ಲೂ ಅವರೇ ಮಾತಾಡಬೇಕೆಂದು ಬೇಡಿಕೆ ಬಂತು. ಕಾರ್ಯದರ್ಶಿ ಮನೆಗೇ ಬಂದು ವಿಷಯ ಏನೆಂದು ಬರೆದುಕೊಳ್ಳಲಿ ಎಂದು ಕೇಳಿದಳು. ಮುಖದ ಬಗ್ಗೆ ಮಾತಾಡಿ ಸಾಕಾಯಿತು, ಈ ಸಲ ನಾಲಿಗೆಯ ಬಗ್ಗೆ ಎಂದರು ಸ್ಕೇಲಮ್ಮ. ಕಾರ್ಯದರ್ಶಿ ಅದನ್ನು ಬರೆದುಕೊಳ್ಳದೆ, ಸ್ವಚ್ಛತೆಯ ಬಗ್ಗೆ ಮಾತಾಡಿ ತುಂಬ ದಿನವಾಯಿತಲ್ಲವೇ ಎಂದು ಸೂಚಿಸಿದಳು. ಅದು ಅದರ ಮುಂದಿನ ತಿಂಗಳು ಎಂದು ಸ್ಕೇಲಮ್ಮ ಅವಳಿಗೆ ಚಹಾ ಕೊಟ್ಟರು.