ಟ್ರಾನ್ಸ್‌ಫಾರ್ಮರ್ ನಂಬಿದವನು

ಹುಣಸೂರಿನಲ್ಲಿ ಮೂವತ್ತು ವರ್ಷದಿಂದ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದೇನೆ. ಹಾಡು ಕೇಳುವ ಯಂತ್ರಕ್ಕೆ ಟ್ರಾನ್ಸ್‌ಫಾರ್ಮರ್ ಇರುವ ಭಾರದ ಪವರ್ ಸಪ್ಲೈಯೇ ಆಗಬೇಕು ಎನ್ನುವುದು ನನ್ನ ಹಟ. ಅಂಗೈಯಗಲದ ಸ್ವಿಚಿಂಗ್ ಅಡಾಪ್ಟರ್ ಹಾಕಿದರೆ ಹಾಡಿನ ಹಿಂದೆ ಸೊಳ್ಳೆಯಂತೆ ಕುಂಯ್‌ಗುಟ್ಟುತ್ತದೆ, ನನಗೆ ಮೈಯೆಲ್ಲ ಉರಿಯುತ್ತದೆ.

ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯಿಂದ ಶೋಭಾ ಒಂದು ಹಳೆಯ ಟೇಪ್ ರೆಕಾರ್ಡರ್ ತಂದಳು. ಒಳಗಿನ ಸಪ್ಲೈ ಸುಟ್ಟಿತ್ತು, ಸೆಲ್ ಹಾಕುವ ಜಾಗ ತುಕ್ಕು ಹಿಡಿದಿತ್ತು. ಜೊತೆಗೆ ಒಂದೇ ಕ್ಯಾಸೆಟ್. ಅದರಲ್ಲಿ ಅವಳ ತಾಯಿ ಮುತ್ತಿ ಹಾಡಿದ ಪದಗಳಿದ್ದವು. ಮುತ್ತಿ ತೀರಿಕೊಂಡು ಇಪ್ಪತ್ತು ವರ್ಷ.

"ಅಪ್ಪಂಗೆ ಉಸಾರಿಲ್ಲ ಗೋವಿಂದಣ್ಣ. ಅವ್ವನ ದನಿ ಒಂದ್ಸಲ ಕೇಳ್ಬೇಕಂತೆ," ಎಂದು ಶೋಭಾ ಅಡಾಪ್ಟರೊಂದನ್ನು ಮುಂದಿಟ್ಟಳು. "ಇದೇ ಸಾಕಾಗಲ್ವಾ?"

"ತಿಪ್ಪೆಗೆಸಿ ಅದ್ನ. ನಿಮ್ಮವ್ವನ ಪದದ ಹಿಂದೆ ಸೊಳ್ಳೆ ಕೂಗ್ಬೇಕಾ?" ಎಂದೆ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡಳು.

ಟ್ರಾನ್ಸ್‌ಫಾರ್ಮರ್ ಹಾಕಿ ಸಪ್ಲೈ ಕಟ್ಟಿದೆ. ಸ್ಟೆಬಿಲೈಸರ್ ಇರುವ ನನ್ನ ಅಂಗಡಿಯಲ್ಲಿ ಬೇರೆ ಕ್ಯಾಸೆಟ್ ಹಾಕಿ ನೋಡಿದೆ, ಒಂದಿಷ್ಟೂ ಗೊರಗೊರ ಇಲ್ಲ. ಮುತ್ತಿಯ ಕ್ಯಾಸೆಟ್ ಮುಟ್ಟಲಿಲ್ಲ. ಅದನ್ನು ಮೊದಲು ಕೇಳಬೇಕಾದವನು ಅವಳ ಗಂಡ. ಹೆಮ್ಮೆ ತಡೆಯಲಾರದೆ ಶೋಭಾಳ ಜೊತೆ ನಾನೂ ಹೊರಟೆ.

ಹಾಡಿಯ ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದ ಅಪ್ಪ ದೊಡ್ಡಬೊಮ್ಮನನ್ನು ಶೋಭಾ ಗೋಡೆಗೊರಗಿಸಿ ಕೂರಿಸಿದಳು. ಕ್ಯಾಸೆಟ್ ತಿರುಗಿತು. ಗೊರ್ರ್ ಎನ್ನುವ ಸದ್ದಿನ ನಡುವೆ ಯಾವುದೋ ಗಂಡಸು ನಿದ್ದೆಗಣ್ಣಲ್ಲಿ ಎಳೆದೆಳೆದು ಮಾತಾಡಿದಂತೆ ಕೇಳಿಸಿತು.

"ಇದು ಮುತ್ತಿಯಲ್ಲ ಕಣವ್ವ," ಎಂದ ಮುದುಕ. "ಯಾರೋ ಅವಳ ಪದದ ಮ್ಯಾಲೆ ಬ್ಯಾರೆ ತುಂಬವ್ರೆ. ಆರಿಸ್ಬುಡು."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಶೋಭಾ ಕಣ್ಣೊರೆಸಿಕೊಂಡಳು.

ತಲೆಯ ಮೇಲಿನ ಹಳೆಯ ಬಲ್ಬು ಮಂಕಾಗಿತ್ತು. ಮೀಟರ್ ಹಚ್ಚಿ ನೋಡಿದೆ, ಇನ್ನೂರ ಮೂವತ್ತು ಇರಬೇಕಾದಲ್ಲಿ ನೂರೈವತ್ತು ವೋಲ್ಟ್. ಸುತ್ತಲ ಪಂಪ್‌ಸೆಟ್‌ಗಳು ಓಡುವ ಹೊತ್ತು. ಕರೆಂಟ್ ಇಳಿದರೆ ನನ್ನ ಸಪ್ಲೈಯೂ ಇಳಿಯುತ್ತದೆ, ಟೇಪು ನಿಧಾನವಾಗಿ ಹೆಣ್ಣಿನ ದನಿಯೂ ಗಂಡಸಿನದಾಗುತ್ತದೆ. ಮುತ್ತಿಯ ದನಿ ಕೆಡಿಸಿದವನು ನಾನೇ! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನನ್ನದು. ಅವತ್ತು ಮೀಸೆಯೂ ಮಣ್ಣಾಯಿತು.

"ತಪ್ಪು ನಂದು ಶೋಭವ್ವ. ನಿನ್ನ ಅಡಾಪ್ಟರ್ ಕೊಡು. ಅದು ನೂರು ವೋಲ್ಟಿಗೂ ಜಗ್ಗಲ್ಲ."

ಅಡಾಪ್ಟರ್ ಜೋಡಿಸಿ, ಕ್ಯಾಸೆಟ್ ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದೆ. ಕುಂಯ್ ಸದ್ದೇನೋ ಇತ್ತು. ಅದರ ನಡುವಿನಿಂದ ಹರೆಯದ ಹೆಂಗಸೊಬ್ಬಳು ನಗುತ್ತ ಕೇಳಿದಳು, "ಏ, ಗುಂಡಿ ಒತ್ತಿದ್ಯಾ? ಪದ ಹೇಳ್ಲಾ?"

ದೊಡ್ಡಬೊಮ್ಮ ತಟ್ಟನೆ ಇತ್ತ ತಿರುಗಿದ.

"ಊಂ, ಒತ್ತಿವ್ನಿ ಕಣೆ," ಎಂದ. "ಹೇಳು."